ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳು

ವೀರಶೈವ ಮಠಗಳ ಚರಿತ್ರೆಯಲ್ಲಿ ಅನ್ನದಾಸೋಹಕ್ಕೂ ಜ್ಞಾನದಾಸೋಹಕ್ಕೂ ಹೆಸರಾದ ಮಹನೀಯರು ಅನೇಕರುಂಟು. ಆದರೆ ಕಣ್ಣಿಲ್ಲದ, ದಿಕ್ಕಿಲ್ಲದ, ಹೆತ್ತವರಿಗೇ ಭಾರವೆನಿಸಿದ ಮಕ್ಕಳನ್ನು ತಮ್ಮ ಬಳಿಗೆ ಕರೆದುಕೊಂಡು, ಅವರಿಗೆ ಅನ್ನವನ್ನಿಕ್ಕಿ, ವಿದ್ಯೆಯನ್ನು ಕಲಿಸಿ, ಅವರು ಸ್ವತಂತ್ರವಾಗಿ ಬಾಳುವಂತೆ ಮಾಡುವುದಕ್ಕಾಗಿ ಇಡಿಯ ಜೀವಮಾನವನ್ನು ಸವೆಯಿಸಿದವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರು, ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಉಭಯಗಾನವಿಶಾರದ ಶ್ರೀ ಪಂಚಾಕ್ಷರ ಗವಾಯಿಗಳು. ತಾವೇ ಹುಟ್ಟುಗುರುಡರಾಗಿದ್ದು ನೂರಾರು ಮಂದಿಗೆ ದಾರಿಯನ್ನು ತೋರಿದ ಈ ಪುಣ್ಯಪುರುಷರ ಜೀವಿತವೃತ್ತಾಂತವು ಮಠದ ಸೇವೆಯಲ್ಲಿ ತೊಡಗಿದವರೆಲ್ಲರೂ ಮನನ ಮಾಡತಕ್ಕುದಾಗಿದೆ.

ಜನನ ಮತ್ತು ಬಾಲ್ಯ

ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿಯೆಂಬುದು ಒಂದು ಚಿಕ್ಕ ಗ್ರಾಮ. ೧೯೯೭ರಿಂದ ಈ ಪ್ರದೇಶವು ಹಾವೇರಿ ಜಿಲ್ಲೆಗೆ ಸೇರಿದೆ. ಆ ಗ್ರಾಮದ ಗುರುಪಾದಯ್ಯನವರಿಗೂ ನೀಲಮ್ಮನವರಿಗೂ ೧೮೯೨ನೆಯ ಇಸವಿ ಫೆಬ್ರವರಿ ೨ನೆಯ ತಾರೀಖಿನಲ್ಲಿ ಒಂದು ಗಂಡುಮಗುವು ಹುಟ್ಟಿತು. ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಮಗುವಿಗೆ ದೃಷ್ಟಿಯಿರಲಿಲ್ಲ. ಅದರ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಬಡತನದ ಮನೆಯಲ್ಲಿ ಇಬ್ಬರು ಅಂಧಪುತ್ರರೆಂದರೆ ತಂದೆತಾಯಿಗಳ ದುಃಖವು ಎಷ್ಟಿದ್ದಿರಬೇಕೆಂಬುದನ್ನು ಬಣ್ಣಿಸಬೇಕಾಗಿಲ್ಲ.

ಆ ಕಾಲದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಹಿಂದುಸ್ಥಾನದಲ್ಲಿ ಅಂಧರಿಗಾಗಿ ಮೊದಲ ಪಾಠಶಾಲೆಯು ಅಮೃತಸರದಲ್ಲಿ ಸ್ಥಾಪಿತವಾದುದೇ ೧೮೮೭ರಲ್ಲಿ. ಅದು ಕ್ರೈಸ್ತ ಮಿಶನರಿಗಳ ಕಾರ್ಯವಾಗಿತ್ತು. ಕನ್ನಡ ನಾಡಿನ ಒಳಹಳ್ಳಿಗಳಿಗೆ ಅಂಥ ಏರ್ಪಾಡುಗಳ ಸುದ್ದಿಯೂ ತಲುಪಿರಲಿಲ್ಲ. ಹಳ್ಳಿಯಲ್ಲಿ ಕಣ್ಣಿಲ್ಲದವನ ಪಾಡು ಒಂದೋ ಮನೆಯವರ ಆಶ್ರಯದಲ್ಲಿ ಮೂಲೆ ಹಿಡಿದು ಕೂಡುವುದು, ಇಲ್ಲವೆ ಜಾತ್ರೆ ಸಂತೆಗಳಲ್ಲಿ ಕೈಯೊಡ್ಡುವುದು. ಇವೆರಡರ ಹೊರತು ಮೂರನೆಯ ಮಾರ್ಗವಿದೆಯೆಂದು ಬಗೆದವರೇ ಕಡಿಮೆ.

ಆದರೆ ದೇವರು ಈ ಸೋದರರಿಗೆ ಕಣ್ಣನ್ನು ಕೊಡದಿದ್ದರೂ ಕಂಠವನ್ನು ಕೊಟ್ಟಿದ್ದನು. ಭಜನೆಯಲ್ಲಿ, ಮಠದ ಪುರಾಣದಲ್ಲಿ, ಹಂತಿಯ ಹಾಡಿನಲ್ಲಿ ಒಮ್ಮೆ ಕಿವಿಗೆ ಬಿದ್ದುದನ್ನು ಅವರು ಮರೆಯುತ್ತಿರಲಿಲ್ಲ. ಕೇಳಿದ ಪದವನ್ನು ಕೇಳಿದ ಧಾಟಿಯಲ್ಲಿಯೇ ಹಾಡಿ ತೋರಿಸುತ್ತಿದ್ದರು.

ಗುರುಕಾರುಣ್ಯ

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರು ಆ ಕಾಲದಲ್ಲಿ ಸಮಾಜೋದ್ಧಾರದ ಕಾರ್ಯದಲ್ಲಿ ಹಗಲಿರುಳೆನ್ನದೆ ದುಡಿಯುತ್ತಿದ್ದರು. ೧೮೬೭ರಲ್ಲಿ ಜನಿಸಿದ ಈ ಮಹಾತ್ಮರೇ ೧೯೦೪ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದವರು. ಮಠಗಳಿಗೆ ಯೋಗ್ಯರಾದ ಅಧಿಕಾರಿಗಳು ಬೇಕು, ಅವರಿಗೆ ಸಂಸ್ಕೃತ, ಕನ್ನಡ, ಯೋಗ, ಶಿವಪೂಜೆಗಳಲ್ಲಿ ಶಿಕ್ಷಣವಾಗಬೇಕು ಎಂಬುದು ಮಂದಿರದ ಉದ್ದೇಶ. ಸಂಗೀತವೂ ಧರ್ಮಪ್ರಚಾರಕ್ಕೆ ಸಾಧನವಾಗಬೇಕೆಂಬ ವಿಚಾರವು ಅವರಲ್ಲಿ ಮೊದಲಿನಿಂದಲೂ ಇದ್ದಿತು.

ಕಾಡಶೆಟ್ಟಿಹಳ್ಳಿಯ ಅಂಧಬಾಲಕರ ಗಾನವು ಇಂಥ ಗುರುಗಳ ಕಿವಿಗೆ ಬಿದ್ದುದು ಅವರ ಪುಣ್ಯ. ಸ್ವಾಮಿಗಳವರು ಆ ಬಾಲಕರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇತರರು ಇಂಥ ಮಕ್ಕಳನ್ನು ಕಂಡು ಮರುಗಿ ಒಂದು ಹೊತ್ತಿನ ಅನ್ನವನ್ನಿತ್ತು ಕಳುಹಿಸುತ್ತಿದ್ದರು. ಕುಮಾರಸ್ವಾಮಿಗಳವರಾದರೋ ಮರುಕದಲ್ಲಿಯೇ ನಿಲ್ಲದೆ, ಈ ಮಕ್ಕಳಿಗೆ ಶಾಸ್ತ್ರೋಕ್ತವಾದ ಸಂಗೀತವನ್ನು ಕಲಿಸಿದರೆ ಇವರು ಸಮಾಜಕ್ಕೆ ಭಾರವಾಗುವ ಬದಲು ಸಮಾಜಕ್ಕೆ ಗುರುಗಳಾಗಬಲ್ಲರೆಂದು ನಿಶ್ಚಯಿಸಿದರು. ಗದಿಗೆಯ್ಯನವರು ಪಂಚಾಕ್ಷರರಾದುದು ಈ ಗುರುಕಾರುಣ್ಯದಿಂದಲೇ.

ಸಂಗೀತಾಭ್ಯಾಸ

ಶಿಷ್ಯನ ವಿದ್ಯಾಭ್ಯಾಸಕ್ಕೆ ಸ್ವಾಮಿಗಳವರು ಯಾವ ಕೊರತೆಯನ್ನೂ ಮಾಡಲಿಲ್ಲ. ಮೊದಲು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿಸಿದರು. ರಾಜಾಶ್ರಯದಲ್ಲಿ ಬೆಳೆದ ಆ ನಗರದಲ್ಲಿ ವಿದ್ವಾಂಸರಿಗೆ ಕೊರತೆಯಿರಲಿಲ್ಲ. ಅಲ್ಲಿಂದ ಮರಳಿದ ಮೇಲೆ ಹಿಂದುಸ್ಥಾನಿ ಪದ್ಧತಿಯಲ್ಲಿಯೂ ಪ್ರಾವೀಣ್ಯ ಬರಬೇಕೆಂದು ಕಿರಾಣಾ ಸಂಪ್ರದಾಯದ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಪಾಠವನ್ನು ಹೇಳಿಸಿದರು. ವಿರಕ್ತಪೀಠದ ಅಧಿಕಾರಿಗಳು ತಮ್ಮ ಶಿಷ್ಯನಿಗೆ ಮುಸಲ್ಮಾನ ಗುರುವನ್ನು ಗೊತ್ತುಮಾಡಿಕೊಟ್ಟ ಈ ಸಂಗತಿಯು ಅವರ ಮನಸ್ಸಿನ ವಿಶಾಲತೆಗೆ ಸಾಕ್ಷಿಯಾಗಿದೆ. ವಿದ್ಯೆಯು ಎಲ್ಲಿದ್ದರೂ ಅದನ್ನು ತಂದು ಬಡವನ ಮನೆಗೆ ಮುಟ್ಟಿಸಬೇಕೆಂಬುದೊಂದೇ ಅವರ ದೃಷ್ಟಿ.

ಎರಡು ಪದ್ಧತಿಗಳಲ್ಲಿ ಒಂದನ್ನು ಕರಗತ ಮಾಡಿಕೊಳ್ಳುವುದಕ್ಕೇ ಆಯುಷ್ಯವು ಸಾಲದೆಂದು ಹೇಳುವರು. ಉತ್ತರಾದಿಯಲ್ಲಿ ರಾಗವನ್ನು ಮೆಲ್ಲಮೆಲ್ಲನೆ ಅರಳಿಸುವ ಕ್ರಮವೇ ಬೇರೆ, ದಕ್ಷಿಣಾದಿಯಲ್ಲಿ ಕೃತಿಯನ್ನು ಹಿಡಿದು ನಡೆಯುವ ಕ್ರಮವೇ ಬೇರೆ. ಇವೆರಡನ್ನೂ ಬರವಣಿಗೆಯ ನೆರವಿಲ್ಲದೆ, ಕಿವಿ ಮತ್ತು ನೆನಪುಗಳ ಬಲದಿಂದಲೇ ಸಾಧಿಸಿದುದರಿಂದ ಗವಾಯಿಗಳವರಿಗೆ ಉಭಯಗಾನವಿಶಾರದರೆಂಬ ಪ್ರಸಿದ್ಧಿಯುಂಟಾಯಿತು. ಗಾಯನದೊಡನೆ ತಬಲಾ ಮೊದಲಾದ ವಾದ್ಯಗಳಲ್ಲಿಯೂ ಅವರ ಕೈ ಪಳಗಿತು.

ಇಷ್ಟು ವಿದ್ಯೆಯು ಕೈಗೂಡಿದವನಿಗೆ ಸಂಸ್ಥಾನಿಕರ ಆಶ್ರಯವನ್ನು ಹುಡುಕಿಕೊಂಡು ಸುಖವಾಗಿರುವುದು ಕಷ್ಟವಾಗಿರಲಿಲ್ಲ. ಆದರೆ ಅವರು ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡು, ತಾವು ಪಡೆದುದನ್ನು ತಮ್ಮಂಥವರಿಗೇ ಹಂಚುವುದಾಗಿ ನಿರ್ಧರಿಸಿ, ಗುರುವಿನ ಆಜ್ಞೆಯನ್ನು ಶಿರಸಾವಹಿಸಿದರು.

ಸಂಚಾರಿ ಪಾಠಶಾಲೆ

೧೯೧೪ರಲ್ಲಿ ಶ್ರೀ ಕುಮಾರಸ್ವಾಮಿಗಳವರ ಆಶೀರ್ವಾದದಿಂದ ಸಂಗೀತ ಪಾಠಶಾಲೆಯ ಕಾರ್ಯವು ಮೊದಲಾಯಿತು. ಅದಕ್ಕೆ ಸ್ವಂತವಾದ ಕಟ್ಟಡವಿರಲಿಲ್ಲ, ಭೂಮಿಯಿರಲಿಲ್ಲ, ಮೂಲಧನವಿರಲಿಲ್ಲ. ಗುರುವು ಎಲ್ಲಿ ನಿಲ್ಲುವನೋ ಅಲ್ಲಿಯೇ ಶಾಲೆ. ಊರಿಂದೂರಿಗೆ ಹೋಗುವುದು, ಅಲ್ಲಿನ ಮಠದಲ್ಲಿಯೋ ಗುಡಿಯ ಪಡಸಾಲೆಯಲ್ಲಿಯೋ ಇಳಿದುಕೊಳ್ಳುವುದು, ಭಕ್ತರು ಕೊಟ್ಟ ಜೋಳದಿಂದ ಮಕ್ಕಳ ಹೊಟ್ಟೆ ತುಂಬಿಸುವುದು, ಹಗಲು ಪಾಠ, ರಾತ್ರಿ ಕೀರ್ತನೆ. ಇದೇ ಅದರ ದಿನಚರಿಯಾಗಿತ್ತು. ರೋಣ ತಾಲೂಕಿನ ನಿಡಗುಂದಿಕೊಪ್ಪದಲ್ಲಿದ್ದ ಶಿವಯೋಗಮಂದಿರದ ಶಾಖೆಯು ಕೆಲಕಾಲ ಇವರಿಗೆ ಆಶ್ರಯವನ್ನಿತ್ತಿತು.

ಅಂಧರಿಗೆ ಪಾಠ ಹೇಳುವ ಕ್ರಮವು ಅತ್ಯಂತ ತಾಳ್ಮೆಯದು. ಕಣ್ಣುಳ್ಳ ಶಿಷ್ಯನು ಗುರುವಿನ ಬೆರಳನ್ನು ನೋಡಿ ಕಲಿಯುತ್ತಾನೆ. ಕಣ್ಣಿಲ್ಲದವನ ಕೈಯನ್ನು ಹಿಡಿದು ತಬಲೆಯ ಮೇಲಿಟ್ಟು, ಈ ಅಂಚಿನಲ್ಲಿ ಈ ಬೆರಳು, ಈ ನಡುವಿನಲ್ಲಿ ಈ ಅಂಗೈ ಎಂದು ಒಂದೊಂದು ಬೋಲನ್ನೂ ತಿದ್ದಬೇಕು. ಸ್ವರವನ್ನು ನೂರು ಸಲ ಹಾಡಿ ತೋರಿಸಬೇಕು. ಒಬ್ಬನಿಗೆ ಹೇಳಿದ ಪಾಠವು ಇನ್ನೊಬ್ಬನಿಗೆ ನಡೆಯುವುದಿಲ್ಲ. ಗುರುವೂ ಅಂಧರೇ ಆದುದರಿಂದ ಶಿಷ್ಯರ ಕಷ್ಟವು ಅವರಿಗೆ ಬೇರೆಯವರು ಹೇಳದೆಯೇ ತಿಳಿಯುತ್ತಿತ್ತು. ಕಣ್ಣಿಲ್ಲದವನು ಯಾವುದಕ್ಕೆ ಅಂಜುವನು, ಯಾವುದರಿಂದ ನಾಚುವನು, ಎಲ್ಲಿ ಎಡವುವನು ಎಂಬುದೆಲ್ಲವನ್ನೂ ಅವರು ಸ್ವಾನುಭವದಿಂದ ಬಲ್ಲವರಾಗಿದ್ದರು.

ಕಲಿಸಿದ ವಿದ್ಯೆಯು ಹೊಟ್ಟೆಗೆ ಅನ್ನವಾಗಬೇಕೆಂಬುದು ಅವರ ಲಕ್ಷ್ಯವಾಗಿತ್ತು. ಶ್ರಾವಣಮಾಸದಲ್ಲಿ ಊರೂರಿಗೆ ಪುರಾಣ ಹೇಳುವವರು ಬೇಕು, ಹಾಡುವವರು ಬೇಕು, ತಬಲಾ ಸಾಥಿಗೆ ಜನ ಬೇಕು. ನಾಟಕದ ಕಂಪನಿಗಳಿಗೆ ಪೇಟಿ ನುಡಿಸುವವರು ಬೇಕು. ಮಠಗಳಿಗೆ ಕೀರ್ತನಕಾರರು ಬೇಕು. ಈ ಎಲ್ಲ ಕೆಲಸಗಳೂ ಕಿವಿ, ಕಂಠ, ಕೈ ಮತ್ತು ನೆನಪುಗಳಿಂದ ನಡೆಯತಕ್ಕವು. ಪುರಾಣದ ಪದ್ಯವನ್ನು ಒಬ್ಬರು ಓದಿ ಹೇಳಿದರೆ ಅದನ್ನು ಕಂಠಪಾಠ ಮಾಡಿ ಸಭೆಯಲ್ಲಿ ಅರ್ಥ ಬಿಡಿಸುವುದು ಅಂಧನಿಗೆ ಅಸಾಧ್ಯವಾದುದೇನಲ್ಲ. ಹೀಗೆ ಕೈಯೊಡ್ಡಬೇಕಾಗಿದ್ದವನ ಕೈಗೆ ಒಂದು ಕಾಯಕವು ದೊರೆಯಿತು. ಊರವರು ಅವನನ್ನು ಅಪ್ಪಾ, ಗವಾಯಿಗಳೇ ಎಂದು ಕರೆದು ಜಮಖಾನೆಯ ಮೇಲೆ ಕುಳ್ಳಿರಿಸುವಂತಾಯಿತು.

ಇದೇ ಸಮಯಕ್ಕೆ ವಚನವಾಙ್ಮಯವು ಬೆಳಕಿಗೆ ಬರತೊಡಗಿತ್ತು. ೧೯೨೩ರಲ್ಲಿ ಶ್ರೀ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಪ್ರಕಟವಾಯಿತು. ಓದುಬರಹವಿಲ್ಲದ ಜನರಿಗೆ ಶರಣರ ಮಾತನ್ನು ಮುಟ್ಟಿಸುವ ಭಾರವನ್ನು ಹೊತ್ತವರು ಗಾಯಕರು. ಗವಾಯಿಗಳವರು ಮತ್ತು ಅವರ ಶಿಷ್ಯರು ಶಾಸ್ತ್ರೀಯ ರಾಗಗಳಲ್ಲಿ ವಚನಗಳನ್ನು ಹಾಡುತ್ತ ಊರೂರು ತಿರುಗಿದುದರಿಂದ ಆ ಕಾರ್ಯಕ್ಕೆ ಬಹಳ ಬಲ ಬಂದಿತು.

ಗುರುವಿಯೋಗ ಮತ್ತು ನಾಟಕ ಮಂಡಳಿ

೧೯೩೦ರ ಫೆಬ್ರವರಿಯಲ್ಲಿ ಶ್ರೀ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಅದುವರೆಗೆ ಎಷ್ಟೇ ಕಷ್ಟವಿದ್ದರೂ ಹಿಂದೆ ಗುರುವಿನ ಹಸ್ತವಿದೆಯೆಂಬ ಧೈರ್ಯವಿದ್ದಿತು. ಆ ಧೈರ್ಯವು ಹೋಗಲು ಪಾಠಶಾಲೆಯ ಸಂಪೂರ್ಣ ಭಾರವು ಗವಾಯಿಗಳವರ ಹೆಗಲಿಗೆ ಬಂದಿತು. ಶಿಷ್ಯರ ಸಂಖ್ಯೆಯೋ ಬೆಳೆಯುತ್ತಲೇ ಇದ್ದಿತು. ಒಂದು ಮಗುವನ್ನು ತಂದೊಪ್ಪಿಸಿದ ತಂದೆತಾಯಿಗಳಿಗೆ ಇಲ್ಲವೆನ್ನುವುದು ಅವರಿಂದಾಗುತ್ತಿರಲಿಲ್ಲ. ಬರಗಾಲದ ವರ್ಷಗಳಲ್ಲಿ ಕೊಡುವ ಭಕ್ತರ ಮನೆಯಲ್ಲಿಯೇ ಕಾಳಿಲ್ಲದಿದ್ದಾಗ ಶಾಲೆಯ ಒಲೆಯು ಉರಿಯುವುದೆಂತು?

ಈ ಸಂಕಟದಲ್ಲಿ ಅವರು ಹಿಡಿದ ಉಪಾಯವು ನಾಟಕ ಮಂಡಳಿ. ಶ್ರೀ ಕುಮಾರೇಶ್ವರರ ಹೆಸರಿನಲ್ಲಿ ಮಂಡಳಿಯನ್ನು ಕಟ್ಟಿ, ಭಕ್ತಿಪ್ರಧಾನವಾದ ನಾಟಕಗಳನ್ನಾಡಿ, ಬಂದ ಹಣದಿಂದ ಮಕ್ಕಳನ್ನು ಸಾಕುವುದೆಂದು ಗೊತ್ತಾಯಿತು. ಬ್ರಹ್ಮಚರ್ಯವ್ರತದ ಸಾಧಕರಿಗೆ ರಂಗಭೂಮಿಯು ಹೊಂದುವುದೇ ಎಂಬ ಶಂಕೆಗೆ ಆ ಕಾಲದಲ್ಲಿ ಆಸ್ಪದವಿಲ್ಲದಿರಲಿಲ್ಲ. ಆದರೆ ಹಸಿದ ಮಕ್ಕಳನ್ನು ಮುಂದಿಟ್ಟುಕೊಂಡವರಿಗೆ ಲೋಕದ ಮಾತಿಗಿಂತ ಸಂಜೆಯ ಅಂಬಲಿಯೇ ಹಿರಿದಾದ ವಿಚಾರ. ರಂಗದ ಮೇಲೆ ಹಾಡು, ವಾದ್ಯ, ಅಭಿನಯಗಳಿಗೆಲ್ಲ ಅವಕಾಶವಿದ್ದುದರಿಂದ ಶಿಷ್ಯರಿಗೆ ಅದೇ ಒಂದು ಪಾಠಶಾಲೆಯೂ ಆಯಿತು. ಆದರೂ ನಾಟಕದ ವ್ಯವಹಾರವು ಎಂದಿಗೂ ಸ್ಥಿರವಾದುದಲ್ಲ. ಒಂದು ಊರಿನ ಲಾಭವನ್ನು ಮುಂದಿನ ಊರಿನ ಮಳೆಯು ಕೊಚ್ಚಿಕೊಂಡು ಹೋಗುವುದು.

ಶಿಷ್ಯಸಂಪತ್ತು

ಈ ಅಲೆದಾಟದ ನಡುವೆಯೇ ಗವಾಯಿಗಳವರ ಶಿಷ್ಯಸಂಪತ್ತು ಬೆಳೆಯಿತು. ಅವರಲ್ಲಿ ಮೊದಲು ನೆನೆಯಬೇಕಾದವರು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ೧೯೧೪ನೆಯ ಮಾರ್ಚ್ ೩ರಂದು ಜನಿಸಿದ ಪುಟ್ಟಯ್ಯನವರು. ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡು, ತಂದೆತಾಯಿಗಳನ್ನೂ ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದ ಈ ಬಾಲಕನು ಗವಾಯಿಗಳವರ ಗರಡಿಗೆ ಸೇರಿ ಪುಟ್ಟರಾಜ ಗವಾಯಿಗಳೆಂದು ಪ್ರಖ್ಯಾತನಾದನು.

ಕಣ್ಣುಳ್ಳ ಬಡಮಕ್ಕಳಿಗೂ ಅಲ್ಲಿ ಸ್ಥಳವಿದ್ದಿತು. ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರುಗಳು ಅಂಥವರಲ್ಲಿ ಒಬ್ಬರು. ೧೯೩೬ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆದಾಗ, ಗವಾಯಿಗಳವರು ಈ ತರುಣನನ್ನು ಮಹಾಸಭೆಯ ಮುಂದೆ ಹಾಡಲು ಕುಳ್ಳಿರಿಸಿದರು. ಶಿಷ್ಯನ ಗಾಯನಕ್ಕೆ ತಬಲೆಯನ್ನು ನುಡಿಸಿದವರು ಸ್ವತಃ ಗುರುಗಳೇ! ತಾವು ಹಾಡಿ ಮೆಚ್ಚುಗೆಯನ್ನು ಪಡೆಯಬಹುದಾಗಿದ್ದ ಸಭೆಯಲ್ಲಿ ಶಿಷ್ಯನನ್ನು ಮುಂದೆ ಕೂಡಿಸಿ ತಾವು ಪಕ್ಕಕ್ಕೆ ಸರಿದ ಆ ಒಂದು ಸಂಗತಿಯಲ್ಲಿ ಅವರ ಗುರುತ್ವವೆಲ್ಲವೂ ಅಡಕವಾಗಿದೆ. ರಾಜಗುರುಗಳು ಮುಂದೆ ಹಿಂದುಸ್ಥಾನಿ ಗಾಯಕರಲ್ಲಿ ಅಗ್ರಪಂಕ್ತಿಗೆ ಸೇರಿ ೧೯೯೧ರಲ್ಲಿ ನಿಧನರಾದರು. ಸಿದ್ಧರಾಮ ಜಂಬಲದಿನ್ನಿ, ಪಂಚಾಕ್ಷರಿಸ್ವಾಮಿ ಮತ್ತಿಗಟ್ಟಿ, ಅರ್ಜುನಸಾ ನಾಕೋಡ ಮೊದಲಾದವರೂ ಇದೇ ಗುರುಗಳಿಂದ ಪಾಠ ಹೇಳಿಸಿಕೊಂಡವರು.

ಸ್ಥಿರವಾದ ನೆಲೆ

ಸಂಚಾರದ ಶಾಲೆಯು ಎಷ್ಟು ಉಪಕಾರವನ್ನು ಮಾಡಿದರೂ ಅದರ ಕಷ್ಟಗಳು ವರ್ಷೇ ವರ್ಷೇ ಹೆಚ್ಚಿದುವು. ಕಣ್ಣುಳ್ಳವನಿಗೆ ಊರು ಬದಲಾದರೆ ದೊಡ್ಡದಲ್ಲ. ಅಂಧಬಾಲಕನಾದರೋ ಬಾವಿ ಎಷ್ಟು ಹೆಜ್ಜೆಯ ದೂರದಲ್ಲಿದೆ, ಮೆಟ್ಟಿಲು ಎಷ್ಟು, ಬಾಗಿಲ ಹೊಸ್ತಿಲು ಎಷ್ಟು ಎತ್ತರ ಎಂಬುದನ್ನೆಲ್ಲ ಕೈಯಿಂದ ತಡವಿ, ಕಾಲಿಂದ ಅಳೆದು ಕಲಿತುಕೊಳ್ಳಬೇಕು. ಆ ಸ್ಥಳವು ತನ್ನದಾಯಿತೆನ್ನುವಷ್ಟರಲ್ಲಿ ಡೇರೆಯನ್ನು ಕೀಳುವ ಸಮಯ ಬರುವುದು. ಮುಂದಿನ ಊರಿನಲ್ಲಿ ಮತ್ತೆ ಮೊದಲಿನಿಂದ ತಡವಬೇಕು. ಗಾಡಿಯ ಕುಲುಕಾಟಕ್ಕೆ ತಂಬೂರಿಗಳು ಒಡೆಯುವುವು. ಚಿಕ್ಕ ಮಕ್ಕಳು ಜ್ವರದಿಂದ ಮಲಗುವರು. ಎಲ್ಲಕ್ಕಿಂತ ಮಿಗಿಲಾಗಿ, ಈ ಶಾಲೆಯು ಒಬ್ಬ ವ್ಯಕ್ತಿಯ ಉಸಿರಿನ ಮೇಲೆ ನಿಂತಿದ್ದಿತು. ಆ ವ್ಯಕ್ತಿಯು ಇಲ್ಲವಾದ ಮರುದಿನ ಈ ಮಕ್ಕಳು ಮತ್ತೆ ಬೀದಿಗೆ ಬೀಳುವರೆಂಬ ಭಯವು ತಪ್ಪಿದುದಾಗಿರಲಿಲ್ಲ.

ಹತ್ತಿಯ ವ್ಯಾಪಾರಕ್ಕೆ ಹೆಸರಾದ ಗದಗು ರೈಲಿನ ಸೌಕರ್ಯವುಳ್ಳ ಊರು. ಪುರಾಣ ಪ್ರವಚನಗಳನ್ನು ಆದರದಿಂದ ಕೇಳುವ ಭಕ್ತವರ್ಗವೂ ಅಲ್ಲಿದ್ದಿತು. ಆ ಊರಿನ ಬಸರಿಗಿಡದ ವೀರಪ್ಪನವರು ಗವಾಯಿಗಳವರ ಕಾರ್ಯವನ್ನು ಕಂಡು, ಅದಕ್ಕೊಂದು ಸ್ಥಿರವಾದ ಸ್ಥಳವನ್ನು ಒದಗಿಸಿಕೊಟ್ಟರು. ೧೯೪೨ರಲ್ಲಿ ಅಲ್ಲಿ ಆಶ್ರಮವು ನೆಲೆಗೊಂಡಿತು. ದಾನಿಯ ಹೆಸರನ್ನು ಚಿರಸ್ಥಾಯಿಯಾಗಿಸಲು ಅದಕ್ಕೆ ಶ್ರೀ ವೀರೇಶ್ವರ ಪುಣ್ಯಾಶ್ರಮವೆಂದು ಹೆಸರಾಯಿತು. ಇಪ್ಪತ್ತೆಂಟು ವರ್ಷ ಊರೂರು ತಿರುಗಿದ ಶಾಲೆಗೆ ಕೊನೆಗೂ ಒಂದು ಬಾಗಿಲು, ಒಂದು ಒಲೆ, ಒಂದು ಅಂಗಳ ದೊರೆತವು. ಕಣ್ಣಿಲ್ಲದ ಮಕ್ಕಳಿಗೆ ತಾವೇ ತಡವಿ ಗುರುತಿಸಬಹುದಾದ ಸ್ವಂತ ಗೋಡೆಗಳಾದುವು.

ಕಾಲವು ಮಾತ್ರ ಅನುಕೂಲವಾಗಿರಲಿಲ್ಲ. ಮಹಾಯುದ್ಧದಿಂದ ಕಾಳುಕಡಿಗಳ ಬೆಲೆಯು ಏರಿ, ನಾಡಿನಲ್ಲಿ ಆಹಾರದ ಅಭಾವವು ತಲೆದೋರಿದ ದಿನಗಳು ಅವು. ಅಂಥ ದಿನಗಳಲ್ಲಿಯೇ ಆಶ್ರಮದ ದಾಸೋಹವು ನಡೆಯಬೇಕಾಯಿತು.

ಲಿಂಗೈಕ್ಯ ಮತ್ತು ಉತ್ತರಾಧಿಕಾರ

ನೆಲೆಯು ದೊರೆತ ಎರಡು ವರ್ಷಗಳಲ್ಲಿಯೇ, ೧೯೪೪ನೆಯ ಜೂನ್ ೧೧ರಂದು, ಶ್ರೀ ಪಂಚಾಕ್ಷರ ಗವಾಯಿಗಳು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ತಾವು ಬಯಸಿದ ಆಶ್ರಮವು ಬೆಳೆದುದನ್ನು ಕಾಣುವ ಭಾಗ್ಯವು ಅವರಿಗಿರಲಿಲ್ಲ. ಆದರೆ ಅವರು ಅತಿಯಾಗಿ ಅಂಜಿದ್ದ ವಿಪತ್ತು ಸಂಭವಿಸಲಿಲ್ಲ. ಮಕ್ಕಳು ಬೀದಿಗೆ ಬೀಳಲಿಲ್ಲ. ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರವನ್ನು ಹೊತ್ತರು.

ಗುರುವಿನಂತೆಯೇ ಅಂಧರಾದ ಈ ಶಿಷ್ಯರು ಅರವತ್ತಾರು ವರ್ಷಗಳ ಕಾಲ ಆಶ್ರಮವನ್ನು ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು, ನಾಟಕಗಳನ್ನು ಬರೆದರು, ನಾನಾ ವಾದ್ಯಗಳಲ್ಲಿ ಪ್ರಾವೀಣ್ಯವನ್ನು ಪಡೆದರು. ಭಕ್ತರು ಊರೂರುಗಳಲ್ಲಿ ಅವರಿಗೆ ಮಾಡಿದ ತುಲಾಭಾರಗಳಿಂದ ಬಂದುದೆಲ್ಲವೂ ಮಕ್ಕಳ ಅನ್ನವಾಯಿತು. ೨೦೧೦ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಸೆಪ್ಟೆಂಬರ್ ೧೭ರಂದು ಅವರು ಲಿಂಗೈಕ್ಯರಾದರು. ಅವರ ತರುವಾಯವೂ ಆಶ್ರಮವು ನಡೆದು ಬಂದಿದೆ. ಅಂಧರೂ ಅನಾಥರೂ ಬಡವರೂ ಆದ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅಲ್ಲಿ ಊಟ, ವಸತಿ, ವಿದ್ಯೆಗಳನ್ನು ಪಡೆಯುತ್ತಿದ್ದಾರೆ.

ಉಪಸಂಹಾರ

ಬೆಂಗಳೂರಿನ ಪಶ್ಚಿಮ ದಿಕ್ಕಿನ ಉಲ್ಲಾಳ, ಕೆಂಗೇರಿಗಳಂಥ ಹಳ್ಳಿಗಳು ಇಂದು ಮಹಾನಗರದೊಳಗೆ ಸೇರಿವೆ. ಕೂಲಿಯನ್ನರಸಿ ದೂರದ ಜಿಲ್ಲೆಗಳಿಂದ ಬಂದವರ ಮಕ್ಕಳು ಇಂಥಲ್ಲಿ ಮೈಯಲ್ಲಿ ಕಸುವಿದ್ದರೂ ಆಡಲು ಬಯಲಿಲ್ಲದೆ, ಬುದ್ಧಿಯಿದ್ದರೂ ತಿದ್ದುವ ಹಿರಿಯರಿಲ್ಲದೆ ಬೆಳೆಯುವುದುಂಟು. ಅವರಿಗಾಗಿ ವ್ಯಾಯಾಮಶಾಲೆಯನ್ನೋ, ಆಟದ ಬಯಲನ್ನೋ, ವಸತಿಯೊಡನೆ ಗುರುಗಳ ಮಾರ್ಗದರ್ಶನವೂ ದೊರೆಯುವ ಸ್ಥಿರವಾದ ಮನೆಯನ್ನೋ ಕಟ್ಟಬೇಕೆನ್ನುವ ಉದಾರಿಗಳು ಗವಾಯಿಗಳವರ ಚರಿತ್ರೆಯನ್ನು ಒಮ್ಮೆ ನೋಡಬೇಕು. ಅವರಲ್ಲಿ ಮೊದಲು ಗುರುವಿದ್ದನು, ಆಮೇಲೆ ಶಿಷ್ಯರು ಬಂದರು, ಕಟ್ಟಡವು ಬಂದುದು ಕೊನೆಗೆ. ಆದರೆ ಆ ಕಟ್ಟಡವು ಬಾರದಿದ್ದರೆ ಗುರುವಿನೊಡನೆಯೇ ಎಲ್ಲವೂ ಮುಗಿದುಹೋಗುತ್ತಿತ್ತು. ಸ್ಥಳವನ್ನಿತ್ತ ವೀರಪ್ಪನವರಂಥ ದಾನಿಯೂ, ಭಾರವನ್ನು ಹೊರುವಂತೆ ಸಿದ್ಧನಾದ ಪುಟ್ಟರಾಜರಂಥ ಶಿಷ್ಯನೂ ಒದಗಿದುದರಿಂದಲೇ ಆ ಧರ್ಮಕಾರ್ಯವು ನಿಂತಿತು.

ಹಾನಗಲ್ಲಿನ ಗುರುಗಳು ಇಬ್ಬರು ಕುರುಡು ಬಾಲಕರಿಗೆ ಕೈನೀಡಿದುದರ ಫಲವನ್ನು ನಾಡು ನೂರು ವರ್ಷಕ್ಕೂ ಮೇಲ್ಪಟ್ಟು ಉಣ್ಣುತ್ತಿದೆ. ಅಂಥ ಕೈಗಳು ಮಠಮಠಗಳಿಂದಲೂ ಮನೆಮನೆಗಳಿಂದಲೂ ಚಾಚುವಂತಾಗಲಿ, ದಿಕ್ಕಿಲ್ಲದ ಮಕ್ಕಳಿಗೆ ದಾಸೋಹದ ಪಂಕ್ತಿಯಲ್ಲಿ ಎಂದಿಗೂ ಸ್ಥಳವಿರಲಿ ಎಂದು ಹಾರೈಸಿ ಈ ಪುಣ್ಯಚರಿತ್ರೆಯನ್ನು ಮುಗಿಸಬಹುದು.